ಒಡೆದ ಮನೆಯ ಅವಶೇಷದಿಂದ ಮಾಡಿದ ಬ್ಲಾಕ್ ನಂಬಬಹುದೇ? ಮಣ್ಣಿನ ಬ್ಲಾಕ್ ಮಳೆಗೆ ಕರಗುತ್ತದೆಯೇ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಬನ್ನಿ. ಎಲ್ಲೋ ಒಂದು ಕಡೆ ಹಳೆ ಮನೆಯನ್ನು ಜೆಸಿಬಿ ಕೆಡವುತ್ತಿರುತ್ತದೆ. ಹೆಂಚಿನ ಮನೆ ಇದ್ದ ಜಾಗದಲ್ಲಿ ನಾಲ್ಕು ಮಹಡಿ ಏಳುತ್ತದೆ. ಹೊಸ ಮನೆ ಎಲ್ಲರಿಗೂ ಕಾಣುತ್ತದೆ, ಆದರೆ ಹಳೆ ಮನೆಯ ಗೋಡೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಸಣ್ಣ ಲೆಕ್ಕ ಹಾಕೋಣ. ಕಟ್ಟಡ ಕೆಡವಿದಾಗ ಪ್ರತಿ ಚದರ ಮೀಟರಿಗೆ ಸುಮಾರು 300ರಿಂದ 500 ಕಿಲೋ ಅವಶೇಷ ಬರುತ್ತದೆ ಎಂಬುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಳಸುವ ಅಂದಾಜು. 30×40 ಸೈಟಿನಲ್ಲಿ 80 ಚದರ ಮೀಟರಿನ ಮನೆ ಇದ್ದರೆ 24ರಿಂದ 40 ಟನ್ ಆಯಿತು. ಇದು ಖಾಲಿ ಸೈಟಿಗೋ ರಾಜಕಾಲುವೆಯ ಅಂಚಿಗೋ ಬಿದ್ದರೆ ನೀರು ಹರಿಯುವ ಜಾಗ ಕಿರಿದಾಗುತ್ತದೆ. ಪಶ್ಚಿಮ ಬೆಂಗಳೂರಿನ ಮಳೆನೀರು ಬಹುಪಾಲು ವೃಷಭಾವತಿಗೆ ಸೇರಿ, ನಾಯಂಡಹಳ್ಳಿ, ಕೆಂಗೇರಿ ದಾಟಿ ಹರಿಯಬೇಕು. ದಾರಿ ಮುಚ್ಚಿದರೆ ಜೋರು ಮಳೆಯಲ್ಲಿ ಆ ನೀರು ತಗ್ಗಿನ ಮನೆಗಳಿಗೇ ನುಗ್ಗುತ್ತದೆ.

ಈ ಅವಶೇಷವನ್ನು ಮತ್ತೆ ಬಳಸಬಹುದು ಎಂದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಒಂದೊಂದಾಗಿ ನೋಡೋಣ.

ಮಾತು 1: "ಹಳೆ ಕಾಂಕ್ರೀಟ್ ಪುಡಿಯಿಂದ ಮಾಡಿದ್ದು ಗಟ್ಟಿ ಇರಲ್ಲ, ಮನೆ ಕುಸಿಯುತ್ತೆ"

ಇದು ಅರ್ಧ ಸತ್ಯ. ಮರುಬಳಕೆ ಘಟಕದಲ್ಲಿ ಅವಶೇಷವನ್ನು ಮೊದಲು ವಿಂಗಡಿಸುತ್ತಾರೆ. ಅಯಸ್ಕಾಂತದಿಂದ ಕಂಬಿ ಬೇರೆ ಮಾಡಿ, ಕ್ರಷರ್‌ನಲ್ಲಿ ಒಡೆದು, ಜರಡಿ ಹಿಡಿದು, ತೊಳೆದು ಜಲ್ಲಿ ಮತ್ತು ಮರಳು ತೆಗೆಯುತ್ತಾರೆ. ದೆಹಲಿಯ ಬುರಾಡಿಯಲ್ಲಿ 2009ರಿಂದಲೇ ಈ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಉತ್ತರಕ್ಕೆ ಚಿಕ್ಕಜಾಲದಲ್ಲೂ ಇಂಥ ಘಟಕ ಆರಂಭವಾಯಿತು.

ಹೀಗೆ ಬಂದ ಜಲ್ಲಿಗೆ ಹಳೆ ಗಾರೆ ಅಂಟಿಕೊಂಡಿರುತ್ತದೆ. ಹಾಗಾಗಿ ಅದು ಹೊಸ ಜಲ್ಲಿಗಿಂತ ಹೆಚ್ಚು ನೀರು ಹೀರುತ್ತದೆ. ಇದೇ ಕಾರಣಕ್ಕೆ ಭಾರತೀಯ ಮಾನಕ ಐಎಸ್ 383 (2016) ಅದಕ್ಕೆ ಮಿತಿ ಹಾಕಿದೆ. ಹಳೆ ಕಾಂಕ್ರೀಟಿನಿಂದ ತೆಗೆದ ಜಲ್ಲಿಯನ್ನು ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ 25ರವರೆಗೆ ಬಳಸಬಹುದು. ಕಂಬಿ ಇರುವ ಕಾಂಕ್ರೀಟಿನಲ್ಲಿ ಶೇ 20ರವರೆಗೆ, ಅದೂ ಎಂ25 ದರ್ಜೆಯವರೆಗೆ ಮಾತ್ರ. ಪಾಯದಡಿ ಹಾಕುವ ಬೆಡ್‌ನಂಥ ಕಡಿಮೆ ದರ್ಜೆಯ ಕಾಂಕ್ರೀಟಿನಲ್ಲಿ ಶೇ 100 ಬಳಸಬಹುದು. ಇಟ್ಟಿಗೆ, ಗಾರೆ ಎಲ್ಲ ಬೆರೆತ ಮಾಲಿಗೆ ಈ ಕಡಿಮೆ ದರ್ಜೆಯ ಕೆಲಸವೊಂದಕ್ಕೇ ಒಪ್ಪಿಗೆ.

ಅಂದರೆ ಪಿಲ್ಲರ್‌ಗೆ ಪೂರ್ತಿ ಹಳೆ ಜಲ್ಲಿ ಹಾಕುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಕಾಂಪೌಂಡಿನ ಬ್ಲಾಕ್, ಫುಟ್‌ಪಾತಿನ ಪೇವರ್, ರಸ್ತೆ ಅಂಚಿನ ಕಲ್ಲಿಗೆ ಬಳಸುವುದಾದರೆ, ಬಲದ ಪರೀಕ್ಷೆಯ ವರದಿ ಕೇಳಿ ಧೈರ್ಯವಾಗಿ ಕೊಳ್ಳಿ.

ಮಾತು 2: "ಮಣ್ಣಿನ ಬ್ಲಾಕ್ ಒಂದು ಮಳೆಗಾಲಕ್ಕೇ ಕರಗಿ ಹೋಗುತ್ತೆ"

ಬರೀ ಮಣ್ಣಿನದಾದರೆ ಕರಗುತ್ತದೆ, ನಿಜ. ಆದರೆ ಸಿಮೆಂಟ್ ಬೆರೆಸಿ ಒತ್ತಿದ ಬ್ಲಾಕ್ ಬೇರೆಯೇ ವಸ್ತು. ಇದರ ಮೇಲೆ ದೊಡ್ಡ ಕೆಲಸ ನಡೆದದ್ದು ನಮ್ಮ ಊರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಕೇಂದ್ರ ಶುರುವಾಯಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅಲ್ಲಿ ಮಣ್ಣಿನ ಬ್ಲಾಕ್‌ಗಳ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿದರು.

ಬೆಂಗಳೂರಿನ ಕೆಂಪು ಮಣ್ಣು ಇದಕ್ಕೆ ಹೊಂದುತ್ತದೆ. ಜೇಡಿ ಅಂಶ ಹೆಚ್ಚಿದ್ದರೆ ಮರಳನ್ನೋ ಕ್ವಾರಿ ಪುಡಿಯನ್ನೋ ಸೇರಿಸುತ್ತಾರೆ. ಸುಮಾರು ಶೇ 7ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು-ನಾಲ್ಕು ವಾರ ನೀರುಣಿಸುತ್ತಾರೆ. ಸುಡುವ ಕೆಲಸವಿಲ್ಲದ್ದರಿಂದ ಸೌದೆ, ಕಲ್ಲಿದ್ದಲು ಉಳಿಯುತ್ತದೆ. ಪಾಯ ತೆಗೆದಾಗ ಬರುವ ಮಣ್ಣನ್ನೇ ಬಳಸಬಹುದು. ಬೇರು, ಕಸ ಇರುವ ಮೇಲ್ಮಣ್ಣು ಮಾತ್ರ ಬೇಡ. ಇದಕ್ಕೂ ಮಾನಕವಿದೆ: ಐಎಸ್ 1725.

ಅನುಮಾನವಿದ್ದರೆ ನೀವೇ ನೋಡಿ. ಚೆನ್ನಾಗಿ ಕ್ಯೂರಿಂಗ್ ಆದ ಒಂದು ಬ್ಲಾಕನ್ನು ಒಂದು ದಿನ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಅಂಚು ಉದುರಿ ನೀರು ಕೆಸರಾದರೆ ಆ ಬ್ಲಾಕ್ ಬೇಡ. ಗಟ್ಟಿಯಾಗಿ ಉಳಿದರೆ ಮೊದಲ ಪರೀಕ್ಷೆ ಪಾಸು. ಗೋಡೆಯ ಭಾರ ಹೊರುವ ಶಕ್ತಿಯನ್ನು ಮಾತ್ರ ಒದ್ದೆ ಬ್ಲಾಕಿನ ಮೇಲೆ ಲ್ಯಾಬಿನಲ್ಲೇ ಪರೀಕ್ಷಿಸಬೇಕು.

ನಿಜವಾದ ಅಪಾಯ ಎಲ್ಲಿದೆ?

ದೂಳಿನಲ್ಲಿದೆ. ಕಾಂಕ್ರೀಟ್, ಕಲ್ಲು ಒಡೆಯುವಾಗ ಏಳುವ ಸಿಲಿಕಾ ದೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಚಿಕಿತ್ಸೆ ಇಲ್ಲ. ಗೋಡೆಗೆ ನೀರು ಹಾಕಿ ಒಡೆಯುವುದು, ಕೆಲಸಗಾರರಿಗೆ ಸರಿಯಾದ ಮಾಸ್ಕ್ ಕೊಡುವುದು ಅದಕ್ಕೇ. ಹಳೆ ಶೆಡ್‌ಗಳ ಆಸ್ಬೆಸ್ಟಾಸ್ ಶೀಟನ್ನಂತೂ ಒಡೆಯಬಾರದು, ಅವಶೇಷದೊಂದಿಗೆ ಬೆರೆಸಲೂಬಾರದು. ಅದರ ಎಳೆಗಳು ಕ್ಯಾನ್ಸರ್ ತರುತ್ತವೆ.

ಕಾನೂನು ಏನು ಹೇಳುತ್ತದೆ?

ಕೇಂದ್ರದ 2016ರ ನಿಯಮಗಳು ಅವಶೇಷವನ್ನು ರಸ್ತೆಗೆ, ಚರಂಡಿಗೆ ಸುರಿಯಬಾರದು ಎಂದವು. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳಿಗೆ 2026ರ ಏಪ್ರಿಲ್ 1 ಜಾರಿಯ ದಿನ. ಅವುಗಳಲ್ಲಿ ಮರುಬಳಕೆಯ ಗುರಿ ಮುಟ್ಟುವ ಹೊಣೆ ಇರುವುದು 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ. 30×40 ಸೈಟು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮ ಬಡಾವಣೆಗಳಲ್ಲಿ ಒಡೆಯುತ್ತಿರುವುದು ಇಂಥ ಸಣ್ಣ ಮನೆಗಳನ್ನೇ. ಹಾಗಾಗಿ ಇಲ್ಲಿ ಮಾಲೀಕರ ಎಚ್ಚರವೇ ಮುಖ್ಯ.

ಮನೆ ಕೆಡವುವ ಮೊದಲು ಇಷ್ಟು ಮಾಡಿ

• ಬಾಗಿಲು, ಕಿಟಕಿ, ಮಂಗಳೂರು ಹೆಂಚು, ಸೈಜುಗಲ್ಲು, ಚಪ್ಪಡಿಗಳನ್ನು ಮೊದಲೇ ಬಿಡಿಸಿ ಇಡಿಸಿ. ಅವನ್ನು ನೇರವಾಗಿ ಮತ್ತೆ ಬಳಸಬಹುದು, ಇಲ್ಲವೇ ಮಾರಬಹುದು.
• ಕಾಂಕ್ರೀಟ್, ಇಟ್ಟಿಗೆ, ಮಣ್ಣು ಬೇರೆ ಬೇರೆ ರಾಶಿಯಾಗಲಿ. ಪ್ಲಾಸ್ಟಿಕ್, ಜಿಪ್ಸಮ್ ಬೆರೆತರೆ ಮಾಲಿನ ಬೆಲೆ ಹೋಗುತ್ತದೆ.
• "ಲೋಡ್ ಎಲ್ಲಿಗೆ ಹೋಗುತ್ತೆ?" ಎಂದು ಗುತ್ತಿಗೆದಾರರನ್ನು ಕೇಳಿ. ಘಟಕದ ರಸೀದಿ ತೋರಿಸಿದ ಮೇಲೆ ಪೂರ್ತಿ ಹಣ ಕೊಡಿ.
• ಅಧಿಕೃತವಾಗಿ ಎಲ್ಲಿ ಹಾಕಬೇಕು ಎಂಬುದನ್ನು ನಿಮ್ಮ ನಗರ ಪಾಲಿಕೆಯ ವಾರ್ಡ್ ಎಂಜಿನಿಯರ್ ಬಳಿ ವಿಚಾರಿಸಿ.

ನಿಮ್ಮ ಬೀದಿಯಲ್ಲಿ ಯಾರಾದರೂ ಮನೆ ಕೆಡವಲು ಹೊರಟಿದ್ದರೆ, ಇದನ್ನು ಜೆಸಿಬಿ ಬರುವ ಮೊದಲೇ ಅವರಿಗೆ ಕಳಿಸಿ.