ಕೊಟ್ಟಿಗೆಹಾರದ ಕಪ್ಪೆ ಮತ್ತು 6,000 ಕೋಟಿ ರೂಪಾಯಿ ಚಂದಾ

ತುಮಕೂರು: ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯ ಮೂರು ವರ್ಷಗಳ ಅವಧಿ 2027ಕ್ಕೆ ಮುಗಿಯಲಿದೆ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13 ಸಾವಿರ ಸಂಶೋಧನಾ ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸಲು ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿದ ಮೊತ್ತ 6,000 ಕೋಟಿ ರೂ. ತುಮಕೂರು ವಿಶ್ವವಿದ್ಯಾನಿಲಯದ ಸಂಶೋಧಕರಿಗಾಗಲೀ ಕುಣಿಗಲ್‌ನ ಸರ್ಕಾರಿ ಕಾಲೇಜಿನ ಅಧ್ಯಾಪಕರಿಗಾಗಲೀ ಇದು ಸಣ್ಣ ಅನುಕೂಲವೇನಲ್ಲ. ಆದರೆ ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳಿಗೆ ಸ್ಥಾನವಿಲ್ಲ. ಗುಬ್ಬಿಯಲ್ಲಿ ನೆಲೆಗೊಂಡು, ಸಂಶೋಧನಾ ಸುದ್ದಿಗಳನ್ನು ಕನ್ನಡದಲ್ಲೂ ನೀಡುತ್ತಿರುವ 'ಗುಬ್ಬಿ ಲ್ಯಾಬ್ಸ್'ನಂತಹ ಖಾಸಗಿ ಸಂಸ್ಥೆಗಳೂ ಹೊರಗೇ ಉಳಿಯುತ್ತವೆ.

ಚಂದಾ ಕಟ್ಟದೆಯೂ ವಿಜ್ಞಾನವನ್ನು ಓದಬಹುದು ಎಂಬುದಕ್ಕೆ ನಿದರ್ಶನ ಅರಸಿ ದೂರ ಹೋಗಬೇಕಿಲ್ಲ. 1932ರ ಜುಲೈನಲ್ಲಿ ಬೆಂಗಳೂರಿನಿಂದ ಹೊರಬಂದ 'ಕರೆಂಟ್ ಸೈನ್ಸ್' ಪತ್ರಿಕೆಯ ಪ್ರಥಮ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ಕಪ್ಪೆಗಳ ತಜ್ಞರಾಗಿದ್ದ ಅವರು ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆಯನ್ನು 1937ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರಿಸಿದರು. ಅವರು ಸಂಗ್ರಹಿಸಿದ್ದ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು, ಪ್ರಬಂಧ ಉಳಿಯಿತು. ಈಗ ಆ ಕಪ್ಪೆಯ ಗುರುತು ಹಿಡಿಯಬೇಕಾದವರು ಮೊದಲು ತೆರೆಯಬೇಕಾದುದು ಆ ಪುಟಗಳನ್ನೇ. ಅಕಾಡೆಮಿಯು ತನ್ನ ಹಳೆಯ ಸಂಚಿಕೆಗಳನ್ನು ಅಂತರಜಾಲದಲ್ಲಿ ಮುಕ್ತವಾಗಿರಿಸಿರುವುದರಿಂದ ಇದಕ್ಕೆ ಯಾರ ಅಪ್ಪಣೆಯೂ ಬೇಡ, ಕಾಸೂ ಬೇಡ.

ಮುಕ್ತ ಓದು ಎಂಬ ಹೆಸರಿನಲ್ಲೇ ಇನ್ನೊಂದು ವ್ಯಾಪಾರವೂ ನಡೆದಿದೆ. ಓದುಗರಿಗೆ ಉಚಿತ, ಬರೆದವರಿಗೆ ಶುಲ್ಕ. ಬ್ರಿಟನ್ನಿನ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಮುಕ್ತವಾಗಿ ಪ್ರಕಟಿಸಲು ತೆರಬೇಕಾದ ಶುಲ್ಕ 11 ಸಾವಿರ ಡಾಲರ್‌ಗೂ ಅಧಿಕ, ಅಂದರೆ ಒಂಬತ್ತು ಲಕ್ಷ ರೂಪಾಯಿಗೂ ಮಿಗಿಲು. ಇಂತಹ ಶುಲ್ಕಗಳ ನೆರವಿಗೆಂದೇ ಕೇಂದ್ರವು ಚಂದಾ ಯೋಜನೆಯಲ್ಲಿ ವರ್ಷಕ್ಕೆ 150 ಕೋಟಿ ರೂ.ವರೆಗೆ ತೆಗೆದಿರಿಸಿದೆ.

ಸಂಪಾದಕರ ಹೊಣೆ ಭಾರವಾಗುವುದು ಇಲ್ಲಿಯೇ. ಯಾರಿಂದ ಪರಿಶೀಲನೆ ಮಾಡಿಸಬೇಕು, ಯಾವುದನ್ನು ಹಿಂದಿರುಗಿಸಬೇಕು ಎಂದು ನಿರ್ಧರಿಸುವವರು ಅವರು. ಪ್ರಬಂಧವೊಂದಕ್ಕೆ ಇಷ್ಟೆಂದು ಆದಾಯ ಬರುವ ಕಡೆ 'ಬೇಡ' ಎನ್ನುವ ಸಂಪಾದಕ ನಷ್ಟದ ಬಾಬ್ತಾಗುತ್ತಾನೆ. ಕಾಸು ಕೊಟ್ಟರೆ ವಾರದೊಳಗೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಹಬ್ಬಿದ್ದು ಹೀಗೆ. 1995ರಿಂದ 2013ರವರೆಗೆ 'ಕರೆಂಟ್ ಸೈನ್ಸ್' ಸಂಪಾದಕರಾಗಿದ್ದ ಪಿ. ಬಲರಾಮ್ ತಮ್ಮ ಸಂಪಾದಕೀಯಗಳಲ್ಲಿ, ಪತ್ರಿಕೆಯ 'ಇಂಪ್ಯಾಕ್ಟ್ ಫ್ಯಾಕ್ಟರ್' ನೋಡಿ ವಿಜ್ಞಾನಿಯನ್ನು ಅಳೆಯುವ ಚಾಳಿಯನ್ನು ಪ್ರಶ್ನಿಸಿದ್ದರು. ಬಡ್ತಿ, ನೇಮಕಾತಿಗಳ ಅಂಕದ ಲೆಕ್ಕ ಮಾತ್ರ ನಿಲ್ಲಲಿಲ್ಲ.

ಈ ನಡುವೆ ಯುಜಿಸಿ, ನಂಬಲರ್ಹ ಪತ್ರಿಕೆಗಳ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ. ಪತ್ರಿಕೆಯ ಯೋಗ್ಯತೆಯನ್ನು ಆಯಾ ಸಂಸ್ಥೆಯೇ ತೂಗಬೇಕಂತೆ. ಆ ಪಟ್ಟಿಗೂ ಲೋಪಗಳಿದ್ದವು, ನಿಜ. ಆದರೆ ಸಂಪಾದಕ ಮಂಡಳಿಯಲ್ಲಿರುವವರು ನಿಜಕ್ಕೂ ಅಲ್ಲಿದ್ದಾರೆಯೇ, ಪರಿಶೀಲನೆ ನಡೆಯುತ್ತದೆಯೇ ಎಂದು ಶೋಧಿಸುವ ಕೆಲಸ ಈಗ ತಾಲ್ಲೂಕು ಕೇಂದ್ರದ ಕಾಲೇಜಿನ ಪ್ರಾಂಶುಪಾಲರ ಮೇಜಿಗೆ ಬಂದಿದೆ.

ಚಂದಾ ಯೋಜನೆ ಮುಂದುವರಿದರೆ ಅದರ ಎರಡನೇ ಹಂತಕ್ಕೆ ಖಾಸಗಿ ಕಾಲೇಜುಗಳು ಸೇರುವವೋ ಇಲ್ಲವೋ ಎಂಬ ಚರ್ಚೆ ಸಹಜ. ಅದರೊಂದಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ವಿದೇಶಿ ಪ್ರಕಾಶಕರಿಗೆ ಸಲ್ಲುವ ಮೊತ್ತದಲ್ಲಿ ಒಂದು ಪಾಲನ್ನು, ಓದುಗರಿಂದಲೂ ಲೇಖಕರಿಂದಲೂ ಹಣ ಪಡೆಯದ ನಮ್ಮ ಪತ್ರಿಕೆಗಳ ಸಂಪಾದಕರ, ಪರಿಶೀಲಕರ ಶ್ರಮಕ್ಕೆ ಏಕೆ ಮೀಸಲಿಡಬಾರದು?