ದೋಷ ಲೆನ್ಸಿನದೇ ಎಂದು ತೀರ್ಮಾನಿಸುವ ಮುನ್ನ



ಮಲೆನಾಡಿನ ಹಳ್ಳಿಗಳಲ್ಲಿ ಕ್ಯಾಮೆರಾ ಇಂದು ಮದುವೆಮನೆಗಷ್ಟೇ ಸೀಮಿತವಾದ ವಸ್ತುವಲ್ಲ. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪಂಚಾಯಿತಿ ಮಟ್ಟದಲ್ಲಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಗೆ ಗಿಡ, ಕಪ್ಪೆ, ಚಿಟ್ಟೆ, ಮೀನುಗಳ ಚಿತ್ರಗಳು ಬೇಕು. ಕುಸಿದ ಗುಡ್ಡ, ಕಡಿದ ಮರ, ಕೆಸರಾದ ಹೊಳೆಯ ಬಗ್ಗೆ ಅರ್ಜಿ ಬರೆಯುವಾಗಲೂ ಚಿತ್ರವೇ ಮೊದಲ ಸಾಕ್ಷಿ. ಒಂದು ಪೊದೆಗಪ್ಪೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಲಕ್ಷಣ ಅದರ ಬೆರಳುಗಳ ನಡುವಿನ ಪೊರೆಯಷ್ಟು ಸಣ್ಣದಾಗಿರಬಹುದು. ಚಿತ್ರ ಮಸುಕಾದರೆ ಆ ದಾಖಲೆ ಇದ್ದೂ ಇಲ್ಲದಂತೆ.

2018ರಲ್ಲಿ ಕೆನಾನ್ ಮತ್ತು ನಿಕಾನ್ ಕಂಪನಿಗಳು ಹೊಸ ಕನ್ನಡಿರಹಿತ ಕ್ಯಾಮೆರಾ ಸರಣಿಗಳನ್ನು ಆರಂಭಿಸಿದ ಮೇಲೆ ಅನೇಕರು ತಮ್ಮ ಹಳೆಯ ಲೆನ್ಸುಗಳನ್ನು ಮಾರುತ್ತಿದ್ದಾರೆ. ನಮ್ಮ ವಿದ್ಯಾರ್ಥಿಗಳ ಕೈಗೆಟಕುವುದು ಇವೇ. ಒಬ್ಬರು ಬಿಟ್ಟ ವಸ್ತು ಮತ್ತೊಬ್ಬರ ಕೈಯಲ್ಲಿ ಹತ್ತು ವರ್ಷ ಬಾಳುವುದು ಸ್ವಾಗತಾರ್ಹವೇ. ಆದರೆ ಚಿತ್ರ ಮಸುಕಾದ ಕೂಡಲೇ ‘ಆಟೋಫೋಕಸ್ ಕೆಟ್ಟಿದೆ’ ಎಂದು ಲೆನ್ಸನ್ನು ಮೂಲೆಗೆ ಎಸೆಯುವುದು, ಇಲ್ಲವೇ ನಿಜಕ್ಕೂ ಕೆಟ್ಟ ಲೆನ್ಸನ್ನು ಮಾತಿಗೆ ಮರುಳಾಗಿ ಕೊಳ್ಳುವುದು, ಇವೆರಡೂ ನಡೆಯುತ್ತಿವೆ. ಎರಡಕ್ಕೂ ಪರಿಹಾರವೊಂದೇ: ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ, ಒಂದೊಂದೇ ಕಾರಣವನ್ನು ಪಟ್ಟಿಯಿಂದ ತೆಗೆಯುತ್ತ ಹೋಗುವುದು.

ಮೊದಲು ಕೇಳಬೇಕಾದದ್ದು, ಇದು ದೋಷವೇ ಅಥವಾ ಹೊಂದಾಣಿಕೆಯ ಕೊರತೆಯೇ ಎಂದು. 1985ರ ಮಿನೋಲ್ಟಾ 7000 ಕ್ಯಾಮೆರಾದಲ್ಲಿ ಫೋಕಸ್ ಮಾಡುವ ಮೋಟಾರು ಕ್ಯಾಮೆರಾದೊಳಗಿತ್ತು. 1987ರಲ್ಲಿ ಕೆನಾನ್ ತನ್ನ ಇಎಫ್ ಸರಣಿಯಲ್ಲಿ ಮೋಟಾರನ್ನು ಲೆನ್ಸಿನೊಳಗೇ ಇರಿಸಿತು. ನಿಕಾನ್‌ನ ಎಎಫ್-ಡಿ ಲೆನ್ಸುಗಳಿಗೆ ಸ್ವಂತ ಮೋಟಾರಿಲ್ಲ. ಕ್ಯಾಮೆರಾದ ಮೋಟಾರೇ ಅವುಗಳನ್ನು ತಿರುಗಿಸಬೇಕು. ಡಿ40, ಡಿ60 ಹಾಗೂ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆ ಮೋಟಾರೇ ಇಲ್ಲ. ಅವುಗಳಿಗೆ ಎಎಫ್-ಡಿ ಲೆನ್ಸನ್ನು ಜೋಡಿಸಿ, ತಾನಾಗಿ ಫೋಕಸ್ ಆಗಲಿಲ್ಲವೆಂದು ರಿಪೇರಿಗೆ ಒಯ್ದರೆ ಹಣವಷ್ಟೇ ನಷ್ಟ. ಕೈಯಿಂದ ಫೋಕಸ್ ಮಾಡಿದರೆ ಅದೇ ಲೆನ್ಸು ಸೊಗಸಾದ ಚಿತ್ರ ಕೊಡುತ್ತದೆ.

ಎರಡನೆಯದು ಸಣ್ಣ ಸಂಗತಿಗಳು. ಲೆನ್ಸಿನ ಪಕ್ಕದ ಗುಂಡಿ ಆಟೋಫೋಕಸ್ ಸ್ಥಾನದಲ್ಲಿದೆಯೇ? ದೂರವನ್ನು ಮಿತಿಗೊಳಿಸುವ ಗುಂಡಿಯಿದ್ದರೆ ಅದು ಎಲ್ಲಿದೆ? ಆ ಲೆನ್ಸು ಫೋಕಸ್ ಮಾಡಬಲ್ಲ ಕನಿಷ್ಠ ದೂರಕ್ಕಿಂತ ಹತ್ತಿರ ನಿಂತಿದ್ದೇವೆಯೇ? ಲೆನ್ಸಿನ ಹಿಂಬದಿಯ ಚಿನ್ನದ ಬಣ್ಣದ ಸಂಪರ್ಕಬಿಂದುಗಳು ಕೊಳೆಯಾಗಿದ್ದರೆ ಕ್ಯಾಮೆರಾದ ಆಜ್ಞೆ ಲೆನ್ಸಿಗೆ ಸರಿಯಾಗಿ ತಲುಪದು. ಕ್ಯಾಮೆರಾ ಆರಿಸಿ, ಲೆನ್ಸನ್ನು ಬಿಚ್ಚಿ, ನೂಲು ಬಿಡದ ಬಟ್ಟೆಗೆ ತುಸುವೇ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಒರೆಸಿದರೆ ಸಾಕು, ಕೆರೆಯುವುದು ಸಲ್ಲದು.

ಮೂರನೆಯದಾಗಿ, ಮಸುಕು ಫೋಕಸಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕೈ ನಡುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ. ಫೋಕಸ್ ತಪ್ಪಿದ್ದರೆ ಹಕ್ಕಿ ಮಸುಕಾಗಿ, ಅದರ ಹಿಂದಿನ ಅಥವಾ ಮುಂದಿನ ಎಲೆ ಸ್ಪಷ್ಟವಾಗಿರುತ್ತದೆ. 300 ಮಿ.ಮೀ. ಲೆನ್ಸಿನಲ್ಲಿ ಐದು ಮೀಟರ್ ದೂರದ ಹಕ್ಕಿಯನ್ನು ಎಫ್/5.6ರಲ್ಲಿ ತೆಗೆದರೆ, ವಿದ್ಯಾರ್ಥಿಗಳ ಬಳಿ ಸಾಮಾನ್ಯವಾಗಿರುವ ಎಪಿಎಸ್-ಸಿ ಅಳತೆಯ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಆರು ಸೆಂಟಿಮೀಟರ್ ಮಾತ್ರ. ಗಾಳಿಗೆ ಕೊಂಬೆ ಅಲುಗಿದರೂ ಆ ಮಿತಿ ಮೀರುತ್ತದೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಹಗಲು ಬೆಳಕಿನಲ್ಲಿ ದಿನಪತ್ರಿಕೆಯೊಂದನ್ನು ಗೋಡೆಗೆ ಸಪಾಟಾಗಿ ಅಂಟಿಸಿ, ಪಕ್ಕದಲ್ಲಿ ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಪಟ್ಟಿಯ ನಡುವಿನ ಗುರುತು ಪತ್ರಿಕೆಯಷ್ಟೇ ದೂರದಲ್ಲಿರಲಿ. ಕ್ಯಾಮೆರಾ ಗೋಡೆಗೆ ನೇರವಾಗಿ ಟ್ರೈಪಾಡಿನ ಮೇಲಿರಲಿ, 50 ಮಿ.ಮೀ. ಲೆನ್ಸಿಗೆ ಎರಡು ಮೀಟರ್ ದೂರ ಸಾಕು. ಅಪರ್ಚರನ್ನು ಪೂರ್ತಿ ತೆರೆದು, ಪ್ರತಿ ಸಲವೂ ಲೆನ್ಸನ್ನು ಬೇಕೆಂದೇ ಫೋಕಸ್ ತಪ್ಪಿಸಿ, ಪತ್ರಿಕೆಯ ಅಕ್ಷರಗಳ ಮೇಲೆ ಮತ್ತೆ ಆಟೋಫೋಕಸ್ ಮಾಡಿ, ಕಿಂಡಿಯ ಮೂಲಕ ನೋಡುತ್ತ ಹತ್ತು ಚಿತ್ರ, ಲೈವ್ ವ್ಯೂನಲ್ಲಿ ಹತ್ತು ಚಿತ್ರ ತೆಗೆಯಿರಿ.

ಕನ್ನಡಿಯಿರುವ ಕ್ಯಾಮೆರಾದಲ್ಲಿ ಕಿಂಡಿಯ ಮೂಲಕ ನೋಡುವಾಗ ಫೋಕಸನ್ನು ಅಳೆಯುವುದು ತಳದಲ್ಲಿರುವ ಪ್ರತ್ಯೇಕ ಸಂವೇದಕ. ಲೈವ್ ವ್ಯೂನಲ್ಲಿ ಸಾಮಾನ್ಯವಾಗಿ ಚಿತ್ರ ಹಿಡಿಯುವ ಸಂವೇದಕವೇ ಆ ಕೆಲಸ ಮಾಡುತ್ತದೆ. ಆದುದರಿಂದ ಲೈವ್ ವ್ಯೂ ಚಿತ್ರಗಳೆಲ್ಲ ಸ್ಪಷ್ಟವಾಗಿದ್ದು, ಕಿಂಡಿಯವು ಪ್ರತಿ ಸಲವೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಲೆನ್ಸು ಕೆಟ್ಟಿದೆ ಎನ್ನಲಾಗದು. ಕ್ಯಾಮೆರಾಕ್ಕೂ ಲೆನ್ಸಿಗೂ ಅಳತೆ ಕೂಡಿಲ್ಲ, ಅಷ್ಟೆ. ನಿಕಾನ್ ಡಿ7000, ಕೆನಾನ್ 7ಡಿ ಮೊದಲಾದ ಕ್ಯಾಮೆರಾಗಳಲ್ಲಿ ಇದನ್ನು ನಾವೇ ಸರಿಪಡಿಸಬಹುದು. ಬೇರೆ ಲೆನ್ಸು ಹಾಕಿದರೂ ಅದೇ ತಪ್ಪು ಬಂದರೆ ಕ್ಯಾಮೆರಾವನ್ನು ಸಂಶಯಿಸಬೇಕು. ಒಳ್ಳೆಯ ಬೆಳಕಿನಲ್ಲೂ ಹತ್ತು ಚಿತ್ರಗಳು ಹತ್ತು ಬಗೆಯಾಗಿದ್ದರೆ ಲೆನ್ಸಿನ ಮೋಟಾರು ಅಥವಾ ಹಲ್ಲುಚಕ್ರ ಸವೆದಿರುವ ಸಂಭವ ಹೆಚ್ಚು. ಕೈಯಿಂದ ಫೋಕಸ್ ಮಾಡಿದರೂ ಒಂದು ಪಕ್ಕ ಮಾತ್ರ ಮಸುಕೆಂದರೆ ಒಳಗಿನ ಗಾಜು ಸ್ಥಾನ ತಪ್ಪಿದೆ. ಅದು ಆಟೋಫೋಕಸಿನ ಕಾಯಿಲೆಯೇ ಅಲ್ಲ.

1990ರಲ್ಲಿ ಬಂದು ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತವಾಗಿರುವ ಕೆನಾನ್ 50 ಮಿ.ಮೀ. ಎಫ್/1.8 ಎರಡನೆಯ ಆವೃತ್ತಿಯ ಬಗ್ಗೆ ಒಂದು ಮಾತು. ಅದರ ಮುಂಭಾಗಕ್ಕೆ ಪೆಟ್ಟು ಬಿದ್ದರೆ ಒಳಗಿನ ಕೊಳವೆ ಸಿಕ್ಕಿಕೊಂಡು ಫೋಕಸ್ ನಿಂತುಹೋಗಬಹುದು. ಕೊಳ್ಳುವಾಗ ಗುಂಡಿಯನ್ನು ಕೈ ಫೋಕಸಿಗೆ ತಂದು ಉಂಗುರ ಆದ್ಯಂತ ಸರಾಗವಾಗಿ ತಿರುಗುವುದೇ ನೋಡಿ. ಗುಂಡಿ ಆಟೋಫೋಕಸಿನಲ್ಲಿರುವಾಗ ಬಲವಂತದಿಂದ ತಿರುಗಿಸಿದರೆ ಸರಿಯಿದ್ದುದೂ ಹಾಳಾಗುತ್ತದೆ.

ನಮ್ಮ ಮಳೆನಾಡಿಗೆ ವಿಶೇಷವಾದ ಶತ್ರು ಬೂಷ್ಟು. ಗಾಳಿಯ ತೇವ ಶೇಕಡಾ 60ನ್ನು ಮೀರಿ ಬಹುಕಾಲ ನಿಂತರೆ ಗಾಜಿನ ಮೇಲೆ ಫಂಗಸ್ ಬೆಳೆಯಲು ಅನುಕೂಲವಾಗುತ್ತದೆ. ಹಿಂದಿನಿಂದ ಟಾರ್ಚ್ ಹಾಯಿಸಿದರೆ ಜೇಡರಬಲೆಯಂಥ ಎಳೆಗಳು ಕಾಣುತ್ತವೆ. ಅಂಚಿನಲ್ಲಿ ತುಸು ಇದ್ದರೆ ಹೆಚ್ಚಿನ ಬಾಧೆಯಿಲ್ಲ. ದಟ್ಟವಾಗಿ ಹರಡಿದ್ದರೆ ಬೆಳಕು ಚದುರಿ, ಕಪ್ಪು ಬಿಳುಪಿನ ಅಂತರ ಕುಂದಿ, ಆಟೋಫೋಕಸ್ ಹಿಂದೆ ಮುಂದೆ ಹುಡುಕಾಡತೊಡಗುತ್ತದೆ. ಚರ್ಮದ ಚೀಲ ತೇವ ಹಿಡಿಯುವುದರಿಂದ ಮಳೆಗಾಲದಲ್ಲಿ ಅದು ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಒಲೆಯ ಮೇಲಿನ ಅಟ್ಟ ಮುರುಗಲ ಸಿಪ್ಪೆಗೆ ಹಿತವೇ ಹೊರತು, ಆ ಹೊಗೆ ಲೆನ್ಸಿಗೆ ಹಿತವಲ್ಲ.

ಆದುದರಿಂದ ಹಳೆಯ ಲೆನ್ಸು ಕೊಳ್ಳಹೊರಟವರು ಹಣ ಕೊಡುವ ಮೊದಲು ತಮ್ಮ ಕ್ಯಾಮೆರಾವನ್ನೇ ಒಯ್ದು, ಒಂದು ದಿನಪತ್ರಿಕೆ, ಒಂದು ಅಳತೆಪಟ್ಟಿ, ಒಂದು ಟಾರ್ಚ್ ಜೊತೆಗಿಟ್ಟುಕೊಂಡು ಈ ಪರೀಕ್ಷೆ ನಡೆಸಲಿ. ಈಗಾಗಲೇ ಕೊಂಡು ಬೇಸತ್ತವರು ಮೂಲೆ ಸೇರಿದ ಲೆನ್ಸನ್ನು ಮತ್ತೊಮ್ಮೆ ಹೊರತೆಗೆಯಲಿ. ಶಾಲಾ ಕಾಲೇಜುಗಳ ಪರಿಸರ ಸಂಘಗಳು ಒಂದು ಭಾನುವಾರ ಊರಿನ ಕ್ಯಾಮೆರಾಗಳನ್ನೆಲ್ಲ ಒಟ್ಟುಗೂಡಿಸಿ, ಲೆನ್ಸುಗಳನ್ನು ಅದಲುಬದಲು ಮಾಡಿ ನೋಡಿದರೆ ದೋಷ ಯಾವುದರದೆಂಬುದು ಬಹುಪಾಲು ಅಲ್ಲೇ ತಿಳಿಯುತ್ತದೆ. ರಿಪೇರಿ ಅಂಗಡಿಗೆ ಹೋಗಲೇಬೇಕಾದವು ಹೋಗಲಿ. ಉಳಿದವು ಮುಂದಿನ ಮಳೆಗಾಲದ ಕಪ್ಪೆಗಳನ್ನು ದಾಖಲಿಸಲು ಸಿದ್ಧವಾಗಲಿ.