ಕಥೆ ಇಷ್ಟವಾಯ್ತಾ? ಮೊದಲು ವಾರಸುದಾರರನ್ನು ಹುಡುಕಿ

ಹಳೇ ಕಾದಂಬರಿ ಓದಿ ‘ಇದನ್ನ ವೆಬ್ ಸಿರೀಸ್ ಮಾಡ್ಬೇಕು’ ಅನ್ನೋರು ನನ್ನ ಸುತ್ತ ಬಹಳ ಜನ. ಹಕ್ಕು ಯಾರದು ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಪ್ರಕಾಶಕರದು ಇರ್ಬೇಕು.’

ಸಾಮಾನ್ಯವಾಗಿ ಅಲ್ಲ. ಪುಸ್ತಕ ಅಚ್ಚು ಹಾಕೋ ಹಕ್ಕು ಬೇರೆ, ತೆರೆಗೆ ತರೋ ಹಕ್ಕು ಬೇರೆ. ಲೇಖಕರು ಬರೆದುಕೊಡದ ಹೊರತು ಎರಡನೆಯದು ಅವರಲ್ಲೇ ಉಳಿಯುತ್ತೆ, ಅವರ ನಂತರ ವಾರಸುದಾರರಿಗೆ ಹೋಗುತ್ತೆ.

ಎಷ್ಟು ದಿನ? ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಅ.ನ.ಕೃ. ಕೃತಿಗಳಿಗೆ 2031 ಮುಗಿಯಬೇಕು, ಕುವೆಂಪು ಅವರದಕ್ಕೆ 2054.

ಇಲ್ಲೊಂದು ತೊಡಕಿದೆ. ಕಾದಂಬರಿಯ ಅವಧಿ ಮುಗಿದರೂ ಅದನ್ನಾಧರಿಸಿದ ಸಿನಿಮಾದ ಹಕ್ಕು ಬೇರೆಯೇ. ಪುಟ್ಟಣ್ಣ ಕಣಗಾಲರ ‘ಶರಪಂಜರ’ ಬಂದಿದ್ದು 1970ರ ದಶಕದ ಆರಂಭದಲ್ಲಿ. ಆ ಚಿತ್ರದ ಹಕ್ಕು ಇನ್ನೂ ಮುಗಿದಿಲ್ಲ. ನೀವು ಪುಸ್ತಕದಿಂದ ತಗೋಬಹುದು, ಸಿನಿಮಾದಲ್ಲಿ ಹೊಸದಾಗಿ ಸೇರಿಸಿದ ದೃಶ್ಯ, ಸಂಭಾಷಣೆ ಮುಟ್ಟೋ ಹಾಗಿಲ್ಲ.

ನನ್ನ ಗೆಳೆಯನೊಬ್ಬ ಎಂಟು ತಿಂಗಳು, ಆಫೀಸ್ ಮುಗಿಸಿ ರಾತ್ರಿ ಕೂತು ಚಿತ್ರಕಥೆ ಬರೆದ. ಆಮೇಲೆ ಹುಡುಕಿದರೆ ಲೇಖಕರಿಗೆ ಮೂವರು ಮಕ್ಕಳು, ಮೂವರದೂ ಸಹಿ ಬೇಕು. ಇಬ್ಬರು ಸುಲಭವಾಗಿ ಒಪ್ಪಿದರು. ದೊಡ್ಡ ಮಗಳು ದುಡ್ಡಿನ ಮಾತೇ ಎತ್ತಲಿಲ್ಲ. ‘ಕೊನೆ ಬದಲಾಯಿಸಿದ್ದೀರಾ? ಅಪ್ಪ ಅದನ್ನ ಮೂರು ಸಲ ತಿದ್ದಿ ಬರೆದಿದ್ರು’ ಅಂದರು. ಇವನು ಬದಲಾಯಿಸಿದ್ದ. ಆ ಸಹಿ ಇನ್ನೂ ಸಿಕ್ಕಿಲ್ಲ.

ಒಪ್ಪಿದರೂ ಬರೀ ಮಾತಿನ ಮೇಲೆ ಹೊರಡಬೇಡಿ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಲೆಕ್ಕ ಹಾಕುತ್ತೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಒಟಿಟಿಗೆ ಹೋಗೋರಿಗೆ ಇದು ದೊಡ್ಡ ಪೆಟ್ಟು. ಇನ್ನೊಂದು: ಒಪ್ಪಂದದಲ್ಲಿ ಬೇರೆ ಗಡುವು ಇಲ್ಲದಿದ್ದರೆ, ವರ್ಷದೊಳಗೆ ಬಳಸದ ಹಕ್ಕು ಕೈತಪ್ಪುತ್ತೆ. ಸಿನಿಮಾಗೆ ಒಂದು ವರ್ಷ ಎಲ್ಲಿ ಸಾಕಾಗುತ್ತೆ? ಹಾಗಾಗಿ ಗಡುವನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ, ವಕೀಲರಿಗೆ ಒಮ್ಮೆ ತೋರಿಸಿ.

ಚಿತ್ರಕಥೆಯ ಮೊದಲ ಪುಟ ಬರೆಯೋ ಮುಂಚೆಯೇ ಆ ಮನೆಗೊಂದು ಫೋನ್ ಮಾಡಿ. ಏನು ಬದಲಾಯಿಸಬೇಕು ಅಂತಿದ್ದೀರಿ ಅನ್ನೋದನ್ನೂ ಆಗಲೇ ಹೇಳಿಬಿಡಿ. ನಿಮಗದು ಕಥೆ, ಅವರಿಗೆ ಮನೆಯ ಹಿರಿಯರು.